ಗೇರ್ ಬಾಕ್ಸಿಗೆ ಕಾಲಿನ ಭಾರ ಗೊತ್ತಾಗಬೇಕಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಸಾಗರ ಕಡೆಯ ಒಬ್ಬರು ಬರೆದಿದ್ದರು. ಅವರ ಹೊಸ ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೈಕೊಟ್ಟಿತಂತೆ. ಶೋರೂಮಿನವರು ಹೇಳಿದ ರೇಟಿಗೆ ತಲೆ ತಿರುಗಿತಂತೆ. ಬೆಂಗಳೂರಿನ ಗುಜರಿಯಿಂದ ಹಳೇ ಫಾರಿನ್ ಕಾರಿನ ವ್ಯಾಕ್ಯೂಮ್ ಟೈಪ್ (ಎಂಜಿನ್ನಿನ ಗಾಳಿ ಎಳೆತದಿಂದ ನಡೆಯೋ) ಆಟೋಮ್ಯಾಟಿಕ್ ಗೇರ್ ಬಾಕ್ಸ್ ತಂದು ಎರಡೇ ದಿನದಲ್ಲಿ ಕೂರಿಸಿದರಂತೆ. ಹುಲಿಕಲ್ ಘಾಟಿಯನ್ನೂ ಹತ್ತಿಸಿ ನೋಡಿದರಂತೆ. 'ಕಂಪ್ಯೂಟರ್ ಇಲ್ಲದ ಹಳೇ ಗೇರ್ ಬಾಕ್ಸೇ ಗಟ್ಟಿ, ಯಾವ ಮೆಕ್ಯಾನಿಕ್ ಬೇಕಾದರೂ ಹಾಕಬಹುದು, ಮಲೆನಾಡಿನವರೆಲ್ಲ ಹೀಗೇ ಮಾಡಿ' ಅಂತ ಕೊನೆಗೆ ಕರೆ ಬೇರೆ ಕೊಟ್ಟಿದ್ದರು.

ಆ ಪತ್ರವನ್ನು ನಾನು ಓದಲಿಲ್ಲ, ಕೇಳಿದೆ. ನಾನು ಒಂದು ಗಾಡಿ ಕೆಳಗೆ ಮಲಗಿದ್ದೆ. ನಮ್ಮ ಗ್ಯಾರೇಜಿನ ಹುಡುಗ ಟೀ ಕುಡಿಯುತ್ತಾ ಜೋರಾಗಿ ಓದುತ್ತಿದ್ದ. 'ವ್ಯಾಕ್ಯೂಮ್‌ಗೆ ಬ್ರೇಕಿನ ಪೈಪಿಗೇ ಒಂದು ಟಿ ಹಾಕಿ ಎಳೆದುಕೊಂಡೆವು' ಅನ್ನೋ ಸಾಲು (ಟಿ ಅಂದರೆ ಒಂದು ಪೈಪಿನಿಂದ ಇನ್ನೊಂದು ಕವಲು ತೆಗೆಯೋ ತುಂಡು) ಬಂದಾಗ ತಟ್ಟನೆ ಎದ್ದೆ. ಹಣೆ ಚಾಸಿಗೆ ಬಡಿಯಿತು. ಗುಬುಟು ಇನ್ನೂ ಇದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಬ್ರೇಕಿನ ವಿಷಯ ಮಾತ್ರ ಕತ್ತರಿಸಬೇಡಿ.

ನಾನು ಭದ್ರಾವತಿಯವನು. ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಐಟಿಐ ಮುಗಿಸಿ ಶಿವಮೊಗ್ಗದಲ್ಲಿ ನಾಲ್ಕು ವರ್ಷ ಲಾರಿಗಳ ಕ್ಲಚ್ ಪ್ಲೇಟ್ ಬದಲಾಯಿಸಿಕೊಂಡಿದ್ದೆ. 1996ರಲ್ಲಿ ಗಲ್ಫಿಗೆ ಹೋದೆ. ಯುಎಇಯ ಅಲ್ ಐನ್ ಊರಿನ ಸನಾಯಾದಲ್ಲಿ, ಅಂದರೆ ಬರೀ ಗ್ಯಾರೇಜುಗಳೇ ಇರುವ ಏರಿಯಾದಲ್ಲಿ, 17 ವರ್ಷ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿಚ್ಚೋದು, ಕಟ್ಟೋದು ಇಷ್ಟೇ ನನ್ನ ಕೆಲಸ. ಈಗ ಸಾಗರ ರಸ್ತೆಯಲ್ಲಿ ಸಣ್ಣದೊಂದು ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಹೊಸ ಪಿಕಪ್‌ಗೆ ಹಳೇ ಗೇರ್ ಬಾಕ್ಸ್ ಹಾಕೋದು ಅಲ್ ಐನ್‌ನಲ್ಲಿ ಮಾಮೂಲಿ. ನನ್ನ ಕೈಯಲ್ಲೇ ಹನ್ನೆರಡೋ ಹದಿಮೂರೋ ಆಗಿವೆ. ಹಾಗಾಗಿ ಇದು ಆಗದ ಕೆಲಸ ಅಂತ ಹೇಳೋಕೆ ನಾನು ಬಂದಿಲ್ಲ. ಆಗುತ್ತದೆ. ಆದರೆ ಎರಡು ದಿನದಲ್ಲಿ ಆಗೋದು ಕೂರಿಸೋ ಕೆಲಸ ಮಾತ್ರ.

ಆಟೋಮ್ಯಾಟಿಕ್ ಅಂದರೆ ಎಲ್ಲ ಒಂದೇ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿನ ಸಣ್ಣ ಕಾರುಗಳಲ್ಲಿ, ಕೆಲವು ಲಾರಿಗಳಲ್ಲಿ ಬರೋ ಎಎಂಟಿ ನಮ್ಮ ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ಒತ್ತೋದು, ಗೇರ್ ಹಾಕೋದು ಎರಡನ್ನೂ ಡ್ರೈವರ್ ಬದಲು ಯಂತ್ರ ಮಾಡುತ್ತದೆ, ಅಷ್ಟೇ. ನಾನು ಹೇಳುತ್ತಿರೋದು ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್. ಅದರಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರೋದು ಎಣ್ಣೆ. ಮನೆಯಲ್ಲಿ ಕರೆಂಟಿನ ಕಡೆಗೋಲು ಹಾಕಿ ಮಜ್ಜಿಗೆ ಕಡೆಯುವಾಗ ಪಾತ್ರೆ ಹಿಡಿದುಕೊಳ್ಳದಿದ್ದರೆ ಪಾತ್ರೆಯೂ ಸುತ್ತೋಕೆ ಶುರು ಮಾಡುತ್ತದೆ, ಅಲ್ವಾ? ಎಂಜಿನ್ ಕಡೆಗೋಲು, ಗೇರ್ ಬಾಕ್ಸ್ ಪಾತ್ರೆ. ಮಜ್ಜಿಗೆ ಬದಲು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಕೆಂಪು ಆಯಿಲ್.

ಅಲ್ ಐನ್‌ನಲ್ಲಿ ನಾವು ಜಾಸ್ತಿ ಹಾಕುತ್ತಿದ್ದದ್ದು ಟರ್ಬೊ ಹೈಡ್ರಾಮ್ಯಾಟಿಕ್ 400. ಬಾಯಲ್ಲಿ 'ಟರ್ಬೊ 400'. ಹೆಸರಲ್ಲಿ ಟರ್ಬೊ ಇದೆ, ಒಳಗೆ ಟರ್ಬೊ ಗಿರ್ಬೊ ಏನೂ ಇಲ್ಲ. ಅಮೆರಿಕದ ಜನರಲ್ ಮೋಟಾರ್ಸ್‌ನವರು 1964ರಲ್ಲಿ ತಂದದ್ದು. ಮುಂದಕ್ಕೆ ಮೂರೇ ಗೇರು. ಕ್ಯಾಡಿಲಾಕ್ ಕಾರಿನಲ್ಲಿ ಅದೇ, ರೋಲ್ಸ್ ರಾಯ್ಸ್‌ನಲ್ಲಿ ಅದೇ, ಅಮೆರಿಕದ ಸೈನ್ಯದ ಹಂವೀ ಗಾಡಿಯಲ್ಲೂ ಶುರುವಿಗೆ ಅದೇ ಇತ್ತು. ಒಳಗೆ ಒಂದು ಚಿಪ್ ಕೂಡ ಇಲ್ಲ. ಎಣ್ಣೆಯ ಒತ್ತಡ, ಸ್ಪ್ರಿಂಗು, ವಾಲ್ವು, ಇವುಗಳ ಮೇಲೇ ಎಲ್ಲ ನಡೆಯುತ್ತದೆ.

ನನ್ನ ಮೊದಲನೇ ಗಾಡಿ ಒಬ್ಬ ಖರ್ಜೂರದ ತೋಟದ ಯಜಮಾನನದು. ವಿ8 (ಎಂಟು ಸಿಲಿಂಡರಿನ) ಪೆಟ್ರೋಲ್ ಎಂಜಿನ್, ಆರು ಗೇರಿನ ಆಟೋಮ್ಯಾಟಿಕ್ ಇದ್ದ ಪಿಕಪ್. ಅವನ ಮಗ ಮರಳುದಿಬ್ಬ ಹತ್ತಿಸಿ ಹತ್ತಿಸಿ ಗೇರ್ ಬಾಕ್ಸ್ ಸುಟ್ಟಿದ್ದ. ಆಯಿಲ್ ಇಳಿಸಿದರೆ ಕಾಫಿ ಡಿಕಾಕ್ಷನ್ ಬಣ್ಣ. ಸೀದ ರೊಟ್ಟಿಯ ವಾಸನೆ. ಆ ಹೊಸ ಗೇರ್ ಬಾಕ್ಸಿನ ಕಂಪ್ಯೂಟರ್ ಹೊರಗೆಲ್ಲೂ ಇರಲಿಲ್ಲ, ಪ್ಯಾನಿನ, ಅಂದರೆ ಕೆಳಗಿನ ಎಣ್ಣೆ ತಟ್ಟೆಯ ಒಳಗೆ ಎಣ್ಣೆಯಲ್ಲೇ ಮುಳುಗಿ ಕೂತಿತ್ತು. ಎಣ್ಣೆ ಕುದ್ದಾಗ ಅದೂ ಬೆಂದಿತ್ತು. ಯಜಮಾನ ಶಾರ್ಜಾದ ಹಳೇ ಸಾಮಾನಿನ ಮಾರ್ಕೆಟ್ಟಿನಿಂದ ಒಂದು ಟರ್ಬೊ 400 ಹೊತ್ತು ತಂದ. ಇದನ್ನೇ ಹಾಕು ಅಂದ.

ಜಾಕ್ ಮೇಲೆ ಎತ್ತಿ ಹಿಡಿದು ನೋಡಿದೆ. ಆರು ಬೋಲ್ಟಿನ ತೂತಿನಲ್ಲಿ ಐದು ಎಂಜಿನ್ನಿಗೆ ಸರಿಯಾಗಿ ಕೂತವು. ನಲವತ್ತು ವರ್ಷ ಹಿಂದಿನ ಡಿಸೈನಿನ ಗೇರ್ ಬಾಕ್ಸು, ಹೊಸ ಎಂಜಿನ್ನು, ಐದು ತೂತು ಹೊಂದಿಕೊಂಡವು ಅಂದರೆ ಯಾರಿಗೆ ಖುಷಿ ಆಗೋದಿಲ್ಲ? ನಾನೂ ಮೋಸ ಹೋದದ್ದು ಅಲ್ಲೇ. ಹೊಸ ಎಂಜಿನ್ನಿನೊಳಗೆ ತಿರುಗೋ ದಂಡ, ಅಂದರೆ ಕ್ರ್ಯಾಂಕ್‌ನ ಹಿಂದಿನ ಮುಖ ಹಳೇ ಎಂಜಿನ್ನಿಗಿಂತ ಸುಮಾರು 10 ಮಿಲಿಮೀಟರ್ ಒಳಗಿದೆ. ಕಣ್ಣಿಗೆ ಕಾಣೋದಿಲ್ಲ. ನಾನು ಅಳತೆ ಮಾಡಲಿಲ್ಲ. ಕನ್ವರ್ಟರನ್ನು ಬೋಲ್ಟ್ ಹಾಕಿ ಮುಂದಕ್ಕೆ ಎಳೆದು ಬಿಗಿದುಬಿಟ್ಟೆ.

ಇಲ್ಲಿ ಕನ್ವರ್ಟರ್ ಹೇಗೆ ಕೂರುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ನೋಡೋಕೆ ಎರಡು ಉಕ್ಕಿನ ಬೋಗುಣಿಗಳನ್ನು ಮುಖಕ್ಕೆ ಮುಖ ಇಟ್ಟು ವೆಲ್ಡ್ ಮಾಡಿದ ಹಾಗಿರುತ್ತದೆ. ಅದನ್ನು ಗೇರ್ ಬಾಕ್ಸಿನ ಮೂತಿಗೆ ಸಿಕ್ಕಿಸುವಾಗ ಒಂದಲ್ಲ, ಮೂರು ಕಡೆ ಹಲ್ಲು ಕೂರಬೇಕು. ಮೊದಲು ಒಳಗಿನ ಶಾಫ್ಟು. ಆಮೇಲೆ ಅದರ ಸುತ್ತ ಇರೋ ಕೊಳವೆ. ಕೊನೆಗೆ ಆಯಿಲ್ ಪಂಪಿನ ಗೇರು. ಎರಡೂ ಕೈಯಲ್ಲಿ ಹಿಡಿದು, ಹೊಟ್ಟೆ ಒತ್ತುಕೊಟ್ಟು, ನಿಧಾನಕ್ಕೆ ತಿರುಗಿಸಬೇಕು. 'ಠಕ್' ಅಂತ ಒಂದು ಸಲ ಒಳಗೆ ಹೋಗುತ್ತದೆ. ಮತ್ತೆ ತಿರುಗಿಸಿದರೆ ಇನ್ನೊಂದು 'ಠಕ್'. ಎಷ್ಟೋ ಜನ ಅಲ್ಲಿಗೆ ನಿಲ್ಲಿಸುತ್ತಾರೆ. ಮೂರನೇದು ಸುಲಭಕ್ಕೆ ಬರೋದಿಲ್ಲ. ಬೆವರು ಕಣ್ಣಿಗೆ ಇಳಿಯುತ್ತದೆ, ಕೈ ಸೋಲುತ್ತದೆ, 'ಇಷ್ಟೇ ಇರಬೇಕು' ಅನ್ನಿಸುತ್ತದೆ. ಆ ಮೂರನೇ 'ಠಕ್' ಕೇಳದೆ ಬೋಲ್ಟ್ ಬಿಗಿದರೆ ಪಂಪ್ ಒಡೆದು ಎರಡು ಹೋಳು. ಸರಿಯಾಗಿ ಕೂತ ಮೇಲೆ ಕನ್ವರ್ಟರಿಗೂ ಎಂಜಿನ್ ಕಡೆಯ ತಟ್ಟೆಗೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಅಷ್ಟೇ ಮುಂದಕ್ಕೆ ಎಳೆದು ಬೋಲ್ಟ್ ಹಾಕಬೇಕು.

ನಾನು ಎಳೆದದ್ದು 13 ಮಿಲಿಮೀಟರ್. ಪಂಪಿನ ಗೇರಿಗೆ ಕನ್ವರ್ಟರಿನ ತುದಿ ಮಾತ್ರ ತಾಗುತ್ತಿತ್ತು. ಮುಂದುಗಡೆ ಕ್ರ್ಯಾಂಕಿನ ಗುಳಿಯ ಆಸರೆಯೂ ಇಲ್ಲ. ಗಾಡಿ ಚೆನ್ನಾಗೇ ಓಡಿತು. ಯಜಮಾನ ಖುಷಿಯಾಗಿ ಒಂದು ಡಬ್ಬ ಖರ್ಜೂರ ಕೊಟ್ಟ. ಹದಿನಾರನೇ ದಿನ ಟೋಯಿಂಗ್ ಗಾಡಿ ಮೇಲೆ ವಾಪಸ್ ಬಂತು. ಪಂಪಿನ ಗೇರಿನ ಒಳಹಲ್ಲು ಇಲಿ ಕಡಿದ ಹಾಗಿತ್ತು. ಸೀಲ್ ಕಿತ್ತು ಹೋಗಿ ಎಣ್ಣೆಯೆಲ್ಲ ಖಾಲಿ. ನಮ್ಮ ಉಸ್ತಾದ್ ಪೆಷಾವರದ ಪಠಾಣ. ಬೈಯಲಿಲ್ಲ. ಆ ಗೇರನ್ನು ಒರೆಸಿ ನನ್ನ ಕೈಗೆ ಕೊಟ್ಟು, 'ಇದನ್ನ ಊರಿಗೆ ತಗೊಂಡು ಹೋಗು' ಅಂದ. ತಂದಿದ್ದೇನೆ. ಈಗಲೂ ನನ್ನ ಮೇಜಿನ ಮೇಲಿದೆ.

ಆ 10 ಮಿಲಿಮೀಟರ್ ತುಂಬೋಕೆ ಒಂದು ಉಕ್ಕಿನ ಬಳೆ, ಉದ್ದನೆಯ ಬೋಲ್ಟು ಬೇಕು. ರೆಡಿಮೇಡ್ ಸಿಗುತ್ತದೆ. ನಾನು ಲೇತಿನ ಮೇಲೆ ನಾನೇ ತಿರುಗಿಸಿದೆ. ಅಪ್ಪನ ಜೊತೆ ಶನಿವಾರ ಲೇತ್ ಹತ್ತಿರ ನಿಂತು ಕಲಿತದ್ದು ಮರುಭೂಮಿಯಲ್ಲಿ ಉಪಯೋಗಕ್ಕೆ ಬಂತು. ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಭಾಗ) ಹೆಚ್ಚುಕಮ್ಮಿ ಆದರೂ ಅಪ್ಪ ಆ ತುಂಡನ್ನು ಸ್ಕ್ರ್ಯಾಪ್ ಬುಟ್ಟಿಗೆ ಎಸೆಯುತ್ತಿದ್ದರು.

ಸಾಗರದವರು ಎರಡು ದಿನದಲ್ಲಿ ಮಾಡಿದ್ದು ಇಷ್ಟು. ಅವರ ಮೆಕ್ಯಾನಿಕ್ ಸಂದು ಅಳೆದಿದ್ದಾರೆ ಅಂತಲೇ ಅಂದುಕೊಳ್ಳೋಣ. ಅಸಲಿ ಕೆಲಸ ಇದಾದ ಮೇಲೆ ಶುರು.

ಎತ್ತಿನ ಗಾಡಿ ಹೊಡೆಯೋರು ಏರು ಬಂದಾಗ ಎತ್ತಿನ ಬಾಲ ಮುಟ್ಟುತ್ತಾರೆ. ಎತ್ತಿಗೆ ಗೊತ್ತಾಗುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೂ ಡ್ರೈವರ್ ಕಾಲನ್ನು ಎಷ್ಟು ಒತ್ತಿದ್ದಾನೆ ಅಂತ ಯಾರಾದರೂ ಹೇಳಬೇಕು. ಕಾಲು ಜೋರಾಗಿ ಒತ್ತಿದರೆ ಎಂಜಿನ್ ಜೋರು. ಆಗ ಒಳಗಿನ ಕ್ಲಚ್ ಪ್ಲೇಟುಗಳನ್ನು ಎಣ್ಣೆ ಗಟ್ಟಿಯಾಗಿ ಹಿಡಿಯಬೇಕು. ಕಾಲು ಹಗುರ ಇದ್ದರೆ ಮೆತ್ತಗೆ ಹಿಡಿದರೆ ಸಾಕು. ಜೋರಿರುವಾಗ ಮೆತ್ತಗೆ ಹಿಡಿದರೆ ಪ್ಲೇಟ್ ಜಾರುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಹಾಳಾಗೋದು ಹೆಚ್ಚಾಗಿ ಹೀಗೇ.

ಟರ್ಬೊ 400ಕ್ಕೆ ಈ ಸುದ್ದಿ ಹೋಗೋದು ಒಂದು ಸಣ್ಣ ರಬ್ಬರ್ ಪೈಪಿನಲ್ಲಿ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳೋ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಕಾಲು ಬಿಟ್ಟಾಗ ವ್ಯಾಕ್ಯೂಮ್ ಜಾಸ್ತಿ, ಒತ್ತಿದಾಗ ಕಮ್ಮಿ. ಆ ಪೈಪು ಗೇರ್ ಬಾಕ್ಸಿನ ಪಕ್ಕದಲ್ಲಿರೋ ಮಾಡ್ಯುಲೇಟರ್ ಅನ್ನೋ ಡಬ್ಬಿಗೆ ಹೋಗುತ್ತದೆ. ಡಬ್ಬಿಯೊಳಗೆ ಒಂದು ರಬ್ಬರ್ ಪೊರೆ. ವ್ಯಾಕ್ಯೂಮ್ ಕಮ್ಮಿ ಆದರೆ ಒತ್ತಡ ಏರಿಸು, ಜಾಸ್ತಿ ಆದರೆ ಇಳಿಸು. ಎಂಥ ತಲೆ ನೋಡಿ! ಆ ಪೊರೆ ಹರಿದರೆ ಮಾತ್ರ ಫಜೀತಿ. ಒಂದು ಗಾಡಿ ಬಿಳೀ ಹೊಗೆ ಉಗುಳುತ್ತಾ ಬಂತು. ಗೇರ್ ಬಾಕ್ಸಿನ ಆಯಿಲ್ ವಾರಕ್ಕೆ ಒಂದು ಲೀಟರ್ ಮಾಯ. ಕೆಳಗೆ ಒಂದು ಹನಿ ಸೋರಿಕೆ ಇಲ್ಲ. ಮೂರು ಜನ ಎಂಜಿನ್ ಬಿಚ್ಚಬೇಕು ಅಂದಿದ್ದರಂತೆ. ಉಸ್ತಾದ್ ಬಂದು ಆ ರಬ್ಬರ್ ಪೈಪನ್ನು ಎಳೆದು ನನ್ನ ಮುಖದ ಮುಂದೆ ಹಿಡಿದ. ತುದಿಯಲ್ಲಿ ಕುಂಕುಮದ ನೀರಿನ ಹಾಗೆ ಒಂದು ಕೆಂಪು ಹನಿ ತೂಗುತ್ತಿತ್ತು. ಎಂಜಿನ್ ಅದೇ ಪೈಪಿನಲ್ಲಿ ಎಟಿಎಫ್ ಹೀರಿ ಕುಡಿಯುತ್ತಿತ್ತು. ಒಂದು ಮಾಡ್ಯುಲೇಟರ್ ಡಬ್ಬಿ ಬದಲಾಯಿಸಿದೆವು, ಹೊಗೆ ನಿಂತಿತು.

1982ರಲ್ಲಿ ಬಂದ 700ಆರ್4 ಅನ್ನೋ ನಾಲ್ಕು ಗೇರಿನದಕ್ಕೆ ವ್ಯಾಕ್ಯೂಮ್ ಬದಲು ಕೇಬಲ್. ಆ ಕೇಬಲ್ ಸ್ವಲ್ಪ ಸಡಿಲ ಇದ್ದರೂ ಗೇರ್ ಬಾಕ್ಸ್ ಹೋಗುತ್ತದೆ. ಕಾರ್ಬ್ಯುರೇಟರ್ ಬದಲಾಯಿಸಿ ಕೇಬಲ್ ಅಳತೆ ನೋಡದೆ ಸುಟ್ಟುಕೊಂಡವರು ಎಷ್ಟೋ ಜನ. ಅದರ ನಂತರದವು ಎಲೆಕ್ಟ್ರಾನಿಕ್, ವೈರಿನಲ್ಲೇ ಸುದ್ದಿ. ಪೈಪು, ಕೇಬಲ್ಲು, ವೈರು, ಯಾವುದೇ ಇರಲಿ, ಹೇಳೋದು ಕಾಲಿನ ಭಾರ.

ಈಗ ಸಾಗರದ ಪಿಕಪ್‌ಗೆ ಬರೋಣ. ಅದು ಡೀಸೆಲ್. ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲಿನ ಹಾಗೆ ಕಾಲಿಗೆ ತಕ್ಕ ವ್ಯಾಕ್ಯೂಮ್ ಇರೋದಿಲ್ಲ. ಬ್ರೇಕ್ ಪೆಡಲನ್ನು ಹಗುರ ಮಾಡೋ ಬೂಸ್ಟರಿಗೆ ಅಂತಲೇ ಒಂದು ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದು ಒಂದೇ ಸಮನೆ ಎಳೆಯುತ್ತದೆ. ಅದಕ್ಕೆ ಟಿ ಹಾಕಿ ಮಾಡ್ಯುಲೇಟರಿಗೆ ಕೊಟ್ಟರೆ ಗೇರ್ ಬಾಕ್ಸಿಗೆ ಯಾವಾಗಲೂ ಒಂದೇ ಸುದ್ದಿ: ಕಾಲು ಹಗುರ ಇದೆ, ಮೆತ್ತಗೆ ಹಿಡಿ. ಶಿವಮೊಗ್ಗ ಪೇಟೆಯಲ್ಲಿ ಸುತ್ತುವಾಗ ಬೆಣ್ಣೆ ಹಾಗೆ ಗೇರ್ ಬೀಳುತ್ತದೆ. 'ಆಹಾ' ಅನ್ನಿಸುತ್ತದೆ. ಹತ್ತು ಚೀಲ ಅಡಿಕೆ ಹೇರಿಕೊಂಡು ಘಾಟಿ ಹತ್ತುವಾಗಲೂ ಅಷ್ಟೇ ಮೆತ್ತಗೆ ಹಿಡಿದಿರುತ್ತದೆ. ಒಳಗೆ ಪ್ಲೇಟುಗಳು ಜಾರಿ ಬೇಯುತ್ತಿರುತ್ತವೆ, ಹೊರಗೆ ಗೊತ್ತೇ ಆಗೋದಿಲ್ಲ. ಅವರು ಒಂದು ಸಲ ಹುಲಿಕಲ್ ಹತ್ತಿಸಿದ್ದು ಸರಿ. ಹತ್ತನೇ ಸಲ ಹತ್ತಿಸಿ ನೋಡಲಿ.

ಹಳೇ ಡೀಸೆಲ್ ಗಾಡಿಗಳಲ್ಲೂ ಈ ವ್ಯಾಕ್ಯೂಮ್ ಗೇರ್ ಬಾಕ್ಸ್ ಬರುತ್ತಿತ್ತಲ್ಲ ಅಂತ ಕೇಳಬಹುದು. ಹೌದು, ಬರುತ್ತಿತ್ತು. ಆದರೆ ಅಂಥ ಎಂಜಿನ್ನುಗಳಲ್ಲಿ ಡೀಸೆಲ್ ಪಂಪಿನ ಲಿವರ್ ಮೇಲೆ ಒಂದು ವಾಲ್ವ್ ಕೂರಿಸಿರುತ್ತಾರೆ. ಕಾಲು ಒತ್ತಿದ ಹಾಗೆ ಲಿವರ್ ತಿರುಗಿ ವ್ಯಾಕ್ಯೂಮ್ ಕಮ್ಮಿ ಮಾಡುತ್ತದೆ. ಈಗಿನ ಕಾಮನ್ ರೈಲ್, ಅಂದರೆ ಕಂಪ್ಯೂಟರ್ ಡೀಸೆಲ್ ಬಿಡೋ ಎಂಜಿನ್ನಿನಲ್ಲಿ ಆ ಲಿವರೇ ಇಲ್ಲ. ಆಕ್ಸಿಲರೇಟರಿನಿಂದ ಹೋಗೋದು ವೈರ್ ಮಾತ್ರ. ಹಾಗಿದ್ದರೆ ಪೆಡಲಿಗೇ ಒಂದು ವಾಲ್ವ್ ಕಟ್ಟಬೇಕು, ಗೇಜ್ ಹಾಕಿ ಅಳೆಯಬೇಕು, ರೋಡಿನಲ್ಲಿ ಓಡಿಸಿ ಮತ್ತೆ ಅಳೆಯಬೇಕು. ಎರಡು ದಿನ ಅಲ್ಲ, ಎರಡು ವಾರ.

ಇದಕ್ಕಿಂತ ಭಯ ಇನ್ನೊಂದಿದೆ. ಬ್ರೇಕಿನ ಪೈಪಿನಲ್ಲಿ ಟಿ. ಈಗ ಹೇಳಿದೆನಲ್ಲ, ಆ ರಬ್ಬರ್ ಪೊರೆ, ಅದು ಹರಿದರೆ ಅಥವಾ ಪೈಪು ಜಾರಿದರೆ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಅದೇ ದಾರಿಯಲ್ಲಿ ಹೋಗುತ್ತದೆ. ಬ್ರೇಕ್ ಪೂರ್ತಿ ಹೋಗೋದಿಲ್ಲ, ಆದರೆ ಪೆಡಲ್ ಕಲ್ಲಾಗುತ್ತದೆ. ಎರಡೂ ಕಾಲಲ್ಲಿ ನಿಂತು ಒತ್ತಬೇಕು. ಆಗುಂಬೆಯ 14 ತಿರುವಿನಲ್ಲಿ ಎಷ್ಟನೇದರಲ್ಲಿ ಅದು ಕಲ್ಲಾದರೆ ಒಳ್ಳೇದು, ಅವರೇ ಹೇಳಲಿ.

ಇಳಿಯೋ ವಿಷಯ ಬಂತಲ್ಲ, ಅದೂ ಇರಲಿ. ಟರ್ಬೊ 400ರಲ್ಲಿ ಲಿವರ್ 'ಡಿ'ಯಲ್ಲೇ ಇಟ್ಟು ಇಳಿದರೆ ಮೊದಲನೇ, ಎರಡನೇ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯೋದಿಲ್ಲ. ಸೈಕಲ್ಲಿನ ಫ್ರೀವೀಲ್ ಹಾಗೆ ಬಿಟ್ಟುಕೊಡುತ್ತದೆ. ಕೈಯಲ್ಲಿ '2'ಕ್ಕೆ ಎಳೆದರೆ ಮಾತ್ರ ಒಳಗೆ ಒಂದು ಬ್ಯಾಂಡ್ ಬಿಗಿದು ಎಂಜಿನ್ ಹಿಡಿಯುತ್ತದೆ. ಹಳೇ ಗೇರ್ ಬಾಕ್ಸ್ ಹಾಕಿಸಿಕೊಂಡವರು ಅದರ ಇಂಥ ಅಭ್ಯಾಸಗಳನ್ನೂ ಕಲಿಯಬೇಕು. ಅಲ್ ಐನ್‌ನ ಜಬಲ್ ಹಫೀತ್ ಗುಡ್ಡದಲ್ಲಿ ಇದನ್ನು ನಾನು ಎಷ್ಟೋ ಗಿರಾಕಿಗಳ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದೇನೆ.

ಹತ್ತುವಾಗಿನ ಲೆಕ್ಕ ಕೇಳಿ. ಖರ್ಜೂರದ ಯಜಮಾನನ ಆ ಆರು ಗೇರಿನದರ ಮೊದಲ ಗೇರು 4.03, ಅಂದರೆ ಎಂಜಿನ್ 4.03 ಸುತ್ತು ಸುತ್ತಿದರೆ ಗೇರ್ ಬಾಕ್ಸಿನಿಂದ ಹೊರಗೆ ಒಂದು ಸುತ್ತು. ಟರ್ಬೊ 400ರದು 2.48. ಅಂದರೆ ಮೊದಲ ಗೇರಿನ ಎಳೆತ ನೂರಕ್ಕೆ ಅರವತ್ತೊಂದು, ಅರವತ್ತೆರಡು ಮಾತ್ರ ಉಳಿಯುತ್ತದೆ. ಬಾಕಿಯದನ್ನು ಕನ್ವರ್ಟರ್ ಎಣ್ಣೆ ಕಡೆದು ತುಂಬಬೇಕು. ಕಡೆದರೆ ಬಿಸಿ. ಎಣ್ಣೆ 80 ಡಿಗ್ರಿ ಆಸುಪಾಸಿನಲ್ಲಿದ್ದರೆ ಸುಖ. ಅದರಿಂದ ಮೇಲೆ ಸುಮಾರು ಹನ್ನೊಂದು ಡಿಗ್ರಿ ಏರಿದಾಗಲೆಲ್ಲ ಎಣ್ಣೆಯ ಆಯಸ್ಸು ಅರ್ಧ ಅನ್ನೋದು ನಮ್ಮ ಕೆಲಸದವರ ಲೆಕ್ಕ. ಮುಂದುಗಡೆ ಒಂದು ಎಕ್ಸ್‌ಟ್ರಾ ಆಯಿಲ್ ಕೂಲರ್ ಹಾಕದೆ ನಾನು ಯಾವ ಗಾಡಿಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಹೈವೇಗೆ ಬಂದರೆ ಇನ್ನೊಂದು ರಗಳೆ. ಹಳೇದರಲ್ಲಿ ಎಂಜಿನ್ನಿಗೆ ವಿಶ್ರಾಂತಿ ಕೊಡೋ ಮೇಲಿನ ಗೇರು, ಅಂದರೆ ಓವರ್‌ಡ್ರೈವ್ ಇಲ್ಲ. ಚಕ್ರದ ಕಡೆಯ ಗೇರು ಕ್ರೌನ್ ಪಿನಿಯನ್ 3.73, ಟೈರು 31 ಇಂಚು ಅಂತ ಹಿಡಿದರೆ ಗಂಟೆಗೆ 100 ಕಿಲೋಮೀಟರಿಗೆ ಎಂಜಿನ್ ನಿಮಿಷಕ್ಕೆ 2500 ಸುತ್ತು ಸುತ್ತಬೇಕು. ಆರನೇ ಗೇರಿನಲ್ಲಾದರೆ 1700 ಸಾಕು. ಖರ್ಜೂರದ ಯಜಮಾನನಿಗೆ ಪೆಟ್ರೋಲ್ ಚಿಂತೆ ಇರಲಿಲ್ಲ. ನಮಗೆ ಇದೆ.

ಎಂಜಿನ್ ಕಂಪ್ಯೂಟರಿನ ಗೋಳು ಬೇರೆ. ಅದು ಗೇರ್ ಬಾಕ್ಸಿನ ಕಂಪ್ಯೂಟರನ್ನು ಹುಡುಕುತ್ತದೆ, ಸಿಗೋದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹಾಕುತ್ತದೆ. ಕೆಲವು ಗಾಡಿಗಳು ಲಿಂಪ್ ಮೋಡಿಗೆ ಹೋಗಿ ಕುಂಟುತ್ತವೆ. ಸ್ಪೀಡೋಮೀಟರ್ ಸತ್ತಿರುತ್ತದೆ, ರಿವರ್ಸ್ ಲೈಟ್ ಬರೋದಿಲ್ಲ. ಇವೆಲ್ಲಕ್ಕೂ ಮದ್ದಿದೆ. ಆದರೆ ಪಾರ್ಕ್ ಮತ್ತು ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಸ್ಟಾರ್ಟ್ ಆಗದ ಹಾಗೆ ತಡೆಯೋ ಸ್ವಿಚ್ ಒಂದಿರುತ್ತದೆ. ಅದನ್ನು ಸುಮ್ನೆ ಎರಡು ವೈರ್ ಸೇರಿಸಿ ಬಿಟ್ಟವರನ್ನು ನೋಡಿದ್ದೇನೆ. ಮನೆ ಅಂಗಳದಲ್ಲಿ ಮಕ್ಕಳಿರುತ್ತಾರೆ, ಅದನ್ನು ಮಾತ್ರ ಮಾಡಬೇಡಿ.

ಹಾಗಾದರೆ ಶೋರೂಮ್ ಹೇಳಿದಷ್ಟು ಸುರಿಯಬೇಕಾ? ಇಲ್ಲ. ಹೋದ ಮಳೆಗಾಲದ ಒಂದು ಗಾಡಿಯ ಕಥೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಗೌಡರೊಬ್ಬರ ಡೀಸೆಲ್ ಪಿಕಪ್. ಅದೂ ಆಟೋಮ್ಯಾಟಿಕ್. ತೋಟಕ್ಕೆ ಹೋಗೋ ದಾರಿಯಲ್ಲಿ ಹಳ್ಳ ತುಂಬಿತ್ತು, ಇಳಿಸಿ ದಾಟಿಸಿದರು. ವಾರ ಕಳೆಯೋದರೊಳಗೆ ಗಾಡಿ ಜಾರತೊಡಗಿತು. ನಾನು ಪ್ಯಾನಿನ ನಟ್ ಸಡಿಲಿಸಿ ಒಂದು ಲೋಟದಲ್ಲಿ ಆಯಿಲ್ ಹಿಡಿದೆ.

"ಎಂತ ಮೇಸ್ತ್ರಿ, ರೋಸ್ ಮಿಲ್ಕ್ ಕಂಡ ಹಾಗೆ ಕಾಣ್ತದಲ್ಲ!" ಅಂದರು ಗೌಡರು.

"ರೋಸ್ ಮಿಲ್ಕೇ ಗೌಡ್ರೇ. ಹಾಲಿನ ಬದಲು ನಿಮ್ಮ ಹಳ್ಳದ ನೀರು."

ಗೇರ್ ಬಾಕ್ಸಿಗೆ ಉಸಿರಾಡೋಕೆ ಬ್ರೀದರ್ ಅನ್ನೋ ಸಣ್ಣ ಪೈಪಿರುತ್ತದೆ. ಬಿಸಿ ಗೇರ್ ಬಾಕ್ಸು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಆ ಪೈಪಿನಿಂದ ನೀರು ಎಳೆದುಕೊಳ್ಳುತ್ತದೆ. ಒಳಗಿನ ಪ್ಲೇಟಿನ ಲೈನಿಂಗ್ ಕಾಗದದಂಥದ್ದು, ಅಂಟಿನಿಂದ ಅಂಟಿಸಿರುತ್ತಾರೆ. ಬಿಚ್ಚಿ ಉಗುರಲ್ಲಿ ಕೆರೆದೆ. ಮಳೆಗೆ ನೆನೆದ ಗೋಡೆಯ ಪೋಸ್ಟರ್ ಹಾಗೆ ಎದ್ದು ಬಂತು. ಶೋರೂಮಿನವರು 'ಪೂರ್ತಿ ಅಸೆಂಬ್ಲಿಯೇ ಹಾಕಬೇಕು, ಬಿಡಿ ಸಾಮಾನು ಕೊಡೋದಿಲ್ಲ' ಅಂದಿದ್ದರು. ಒಬ್ಬ ಬ್ರೋಕರ್ ಹಳೇ ಗೇರ್ ಬಾಕ್ಸ್ ತೋರಿಸಿದ್ದ. ಗೌಡರಿಗೆ ಆಸೆ ಹುಟ್ಟಿತ್ತು. ನಾನು ಬೇಡ ಅಂದೆ. ಪ್ಲೇಟುಗಳನ್ನು ಬೆಂಗಳೂರಿನಿಂದ ತರಿಸಿದೆ. ಎಣ್ಣೆಯ ದಾರಿ ತಿರುಗಿಸೋ ವಾಲ್ವ್ ಬಾಡಿ ಬಿಚ್ಚಿ ಒಂದೊಂದು ವಾಲ್ವನ್ನೂ ತೊಳೆದು ಜೋಡಿಸಿದೆ. ಶೋರೂಮ್ ರೇಟಿನ ಮೂರನೇ ಒಂದು ಪಾಲಿನೊಳಗೆ ಎಲ್ಲ ಮುಗಿಯಿತು.

ಮುಗಿಯಿತು ಅಂದುಕೊಂಡೆ. ಗಾಡಿ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದರೆ ಕೋಣ ಗುದ್ದಿದ ಹಾಗೆ ಜರ್ಕು. ಯಾಕೆಂದರೆ ಕಂಪ್ಯೂಟರಿನ ತಲೆಯಲ್ಲಿ ಇನ್ನೂ ಹಳೇ ಸವೆದ ಪ್ಲೇಟಿನ ಲೆಕ್ಕವೇ ಇದೆ. ಆ ಲೆಕ್ಕ ಅಳಿಸಿ ಹೊಸದು ಕಲಿಸಬೇಕು. ಹದಿನೈದು ನಿಮಿಷದ ಕೆಲಸ. ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು. ಶೋರೂಮಿಗೆ ಹೋದರೆ 'ಹೊರಗೆ ಬಿಚ್ಚಿದ್ದನ್ನು ನಾವು ಮುಟ್ಟೋದಿಲ್ಲ' ಅಂದರು. ದುಡ್ಡು ಕೊಡುತ್ತೇನೆ ಅಂದರೂ ಇಲ್ಲ. ಗಾಡಿ ನನ್ನ ಗ್ಯಾರೇಜಿನಲ್ಲಿ 22 ದಿನ ನಿಂತಿತು. ಕೊನೆಗೆ ಮಂಗಳೂರಿನಿಂದ ಒಬ್ಬರು ಸ್ಕ್ಯಾನರ್ ತಂದು ಕಲಿಸಿಕೊಟ್ಟು ಹೋದರು. ಈಗ ಗಾಡಿ ದಿನಾ ಓಡುತ್ತಿದೆ. ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಎಳೆದು ಕಟ್ಟಿದ್ದೇನೆ. ಅದಕ್ಕೆ ಖರ್ಚಾದದ್ದು ಒಂದು ಮೀಟರ್ ಪೈಪು, ಎರಡು ಕ್ಲಿಪ್ಪು. ಹಳ್ಳ ದಾಟೋರೆಲ್ಲ ಇಷ್ಟನ್ನು ಮಳೆಗಾಲಕ್ಕೆ ಮೊದಲೇ ಮಾಡಿಸಿಕೊಳ್ಳಿ.

ಸಾಗರದವರ ಸಿಟ್ಟು ನನಗೆ ಅರ್ಥ ಆಗುತ್ತದೆ. ಗುಜರಿ ಗೇರ್ ಬಾಕ್ಸಿಗೆ ಜನ ಹೋಗೋದು ಅದು ಒಳ್ಳೇದು ಅಂತ ಅಲ್ಲ, ಇರೋದನ್ನು ರಿಪೇರಿ ಮಾಡೋಕೆ ಬಿಡೋದಿಲ್ಲ ಅಂತ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ತೆರೆಯಿತು. ಮೊಬೈಲು, ಮನೆ ಸಾಮಾನು, ಕೃಷಿ ಯಂತ್ರದ ಜೊತೆ ವಾಹನವೂ ಅದರಲ್ಲಿದೆ. ಒಳ್ಳೇ ಕೆಲಸ. ಗೇರ್ ಬಾಕ್ಸಿನ ಬಿಡಿ ಪ್ಲೇಟು, ವಾಲ್ವ್ ಬಾಡಿಯ ನಕ್ಷೆ, ಆ ಹದಿನೈದು ನಿಮಿಷದ ಸಾಫ್ಟ್‌ವೇರು, ಈ ಮೂರನ್ನೂ ದುಡ್ಡಿಗಾದರೂ ಹೊರಗಿನ ಗ್ಯಾರೇಜಿಗೆ ಕೊಡಲೇಬೇಕು ಅಂತ ಆಗಲಿ. ನಮ್ಮ ಶಾಸಕರು, ಸಂಸದರು ಇದನ್ನು ಒಂದು ಸಲ ಕೇಳಲಿ.

ಕಾನೂನು ನನ್ನ ವಿಷಯ ಅಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಇರುತ್ತದೆ, ಗೇರ್ ಬಾಕ್ಸ್ ನಂಬರ್ ಇರೋದಿಲ್ಲ, ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆ ಇದೆ. ಬಿಚ್ಚೋ ಮೊದಲು ಆರ್‌ಟಿಒ ಕಚೇರಿಗೂ ಇನ್ಶೂರೆನ್ಸಿನವರಿಗೂ ಒಂದು ಕಾಗದ ಕೊಟ್ಟು ಕೇಳೋದು ವಾಸಿ.

ಸಾಗರದ ಆ ಓದುಗರೇ, ನಿಮಗೇ ಎರಡು ಮಾತು. ಬ್ರೇಕಿನ ಪೈಪಿಗೆ ಹಾಕಿರೋ ಟಿ ಇವತ್ತೇ ತೆಗೆಸಿ, ಪೈಪನ್ನು ಮೊದಲಿದ್ದ ಹಾಗೆ ಜೋಡಿಸಿ. ಗೇರ್ ಬಾಕ್ಸಿನ ವ್ಯಾಕ್ಯೂಮ್ ಪೈಪನ್ನು ಹಾಗೇ ಬಿಡಿ, ಧೂಳು ಹೋಗದ ಹಾಗೆ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಸಾಕು. ವ್ಯಾಕ್ಯೂಮ್ ಇಲ್ಲ ಅಂದರೆ ಅದು ನೀವು ಪೂರ್ತಿ ಕಾಲು ಒತ್ತಿದ್ದೀರಿ ಅಂದುಕೊಂಡು ಗಟ್ಟಿಯಾಗಿ ಹಿಡಿಯುತ್ತದೆ. ಗೇರ್ ಬೀಳುವಾಗ ಜರ್ಕ್ ಹೊಡೆಯುತ್ತದೆ, ಸೊಂಟಕ್ಕೆ ಸ್ವಲ್ಪ ಕಷ್ಟ, ಪ್ಲೇಟ್ ಮಾತ್ರ ಸುಡೋದಿಲ್ಲ. ಹಾಗೇ ಓಡಿಸಿಕೊಂಡು ಒಂದು ಭಾನುವಾರ ಬನ್ನಿ. ಪೆಡಲಿಗೆ ವಾಲ್ವ್ ಹೇಗೆ ಕಟ್ಟೋದು ಅಂತ ನೋಡೋಣ. ಪಠಾಣ ಉಸ್ತಾದ್ ಕೊಟ್ಟ ಪಂಪ್ ಗೇರನ್ನೂ ತೋರಿಸುತ್ತೇನೆ. ಸಾಗರದಿಂದ ಇಲ್ಲಿಗೆ ಘಾಟಿ ಇಲ್ಲ, ಅದೊಂದು ಪುಣ್ಯ. ಆನಂದಪುರ, ಕುಂಸಿ, ಆಯನೂರು ಮೇಲೆ ನಿಧಾನಕ್ಕೆ ಬನ್ನಿ.

ಇಂತಿ ನಿಮ್ಮ ಓದುಗ,
ಒಬ್ಬ ಗೇರ್ ಬಾಕ್ಸ್ ಮೇಸ್ತ್ರಿ
ಸಾಗರ ರಸ್ತೆ, ಶಿವಮೊಗ್ಗ